ಸಿಗ್ ಕೆಡೆಟ್ ಎಲ್‌ಟಿ-40 ಕಿಟ್: ಮೂರು ವರ್ಷ ಹಾರಿಸಿದ ನಂತರ

ರೇಡಿಯೊ ನಿಯಂತ್ರಣದ ವಿಮಾನವನ್ನು ತಾವೇ ಕಟ್ಟಬೇಕೆಂದು ಹೊರಟವರು ಮೊದಲ ಕಿಟ್ ಯಾವುದಿರಲಿ ಎಂದು ಕೇಳಿದಾಗಲೆಲ್ಲ ನಾನು ಹೇಳುವ ಹೆಸರು ಅಮೆರಿಕದ ಸಿಗ್ ಕಂಪನಿಯ ಕೆಡೆಟ್ ಎಲ್‌ಟಿ-40. ಅಕ್ಕನ ಮಗ ರಜೆಗೆ ಊರಿಗೆ ಬಂದಾಗ ತಂದುಕೊಟ್ಟ ಈ ಕಿಟ್ಟನ್ನು ಕಟ್ಟಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಆಮೇಲಿನ ಮೂರು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಹಾರಿಸಿದ್ದೇನೆ, ಎರಡು ಬಾರಿ ಕೆಡವಿದ್ದೇನೆ, ಎರಡು ಬಾರಿಯೂ ಮನೆಯಲ್ಲೇ ಸರಿಪಡಿಸಿದ್ದೇನೆ. ಮೊದಲ ಕಿಟ್ಟನ್ನು ಆರಿಸುವವರು ಅದು ಎಷ್ಟು ಚೆನ್ನಾಗಿ ಹಾರುತ್ತದೆ ಎಂಬುದಕ್ಕಿಂತ, ಬಿದ್ದ ಮೇಲೆ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ತಮ್ಮ ಕೈಯಲ್ಲಿ ಆಗುತ್ತದೆಯೇ ಎಂಬುದನ್ನು ಮೊದಲು ನೋಡಬೇಕು ಎಂದು ನಾನು ಹೇಳುವುದು ಈ ಅನುಭವದಿಂದಲೇ.

ಕಾಲೇಜಿನಲ್ಲಿ ಎನ್‌ಸಿಸಿಯ ಏರ್ ವಿಂಗ್‌ನಲ್ಲಿದ್ದಾಗ ಚಕ್ ಗ್ಲೈಡರ್ (ಕೈಯಿಂದ ಎಸೆದು ಹಾರಿಸುವ ಪುಟ್ಟ ವಿಮಾನ) ಕಟ್ಟಿದ್ದೆನೆಂಬ ಧೈರ್ಯದಲ್ಲಿ ನಾನು ಇದಕ್ಕೂ ಮೊದಲು ಎರಡನೆಯ ಮಹಾಯುದ್ಧದ ಕಾಲದ ಯುದ್ಧವಿಮಾನದ ಆಕಾರದ ಒಂದು ಕಿಟ್ಟನ್ನು ಕೊಂಡಿದ್ದೆ. ಅದರ ತುಂಡುಗಳು ಹಲವು ಕಡೆ ಸರಿಯಾಗಿ ಕತ್ತರಿಸದೆ ಜಜ್ಜಿಹೋಗಿದ್ದವು, ಸೂಚನೆಯ ಕಾಗದವೂ ಅರ್ಧಂಬರ್ಧವಾಗಿತ್ತು. ಆದರೆ ಆ ವಿಮಾನ ಮೊದಲ ದಿನವೇ ಪುಡಿಯಾದದ್ದಕ್ಕೆ ಕಾರಣ ಅದಲ್ಲ, ಅದರ ಜಾತಿಯೇ ಹಾಗೆ: ಗಿಡ್ಡ ರೆಕ್ಕೆ, ಹೆಚ್ಚು ತೂಕ, ಹಾರಲು ಬೇಕಾದ ವೇಗವೂ ಹೆಚ್ಚು. ಕಲಿಯುವವನ ಬೆರಳು ಯೋಚಿಸುವಷ್ಟರಲ್ಲಿ ಅದು ನೆಲ ಮುಟ್ಟಿರುತ್ತದೆ.

ಕೆಡೆಟ್ ಇದಕ್ಕೆ ತದ್ವಿರುದ್ಧ. ರೆಕ್ಕೆ ತುದಿಯಿಂದ ತುದಿಗೆ 70 ಇಂಚು, ವಿಸ್ತೀರ್ಣ 900 ಚದರ ಇಂಚು. ಕಟ್ಟಿ ಮುಗಿಸಿದ ನನ್ನ ವಿಮಾನ ಬ್ಯಾಟರಿ ಸೇರಿ 2.7 ಕೆ.ಜಿ. ತೂಗುತ್ತದೆ. ಲೆಕ್ಕ ಹಾಕಿದರೆ ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ ಬೀಳುವ ಭಾರ ಸುಮಾರು 46 ಗ್ರಾಂ. ಇಷ್ಟೇ ತೂಕದ ವಿಮಾನಕ್ಕೆ ಇದರ ಅರ್ಧದಷ್ಟು ರೆಕ್ಕೆ ಇದ್ದಿದ್ದರೆ ಭಾರ ಎರಡು ಪಟ್ಟಾಗುತ್ತಿತ್ತು, ಕೆಳಗೆ ಬೀಳದಿರಲು ಬೇಕಾದ ಕನಿಷ್ಠ ವೇಗ ಸುಮಾರು 1.4 ಪಟ್ಟಾಗುತ್ತಿತ್ತು. ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ ಮರುಳಾಗುವ ಮುನ್ನ ಈ ಒಂದು ಲೆಕ್ಕವನ್ನು ಮಾಡಿ ನೋಡಬೇಕೆಂದು ಹೊಸಬರಲ್ಲಿ ನನ್ನ ವಿನಂತಿ. ಕೆಡೆಟ್ ನೋಡಲು ಸಾಧಾರಣವಾದ ವಿಮಾನ, ನಿಜ. ಸಂಜೆಯ ತಂಗಾಳಿಯಲ್ಲಿ ಥ್ರಾಟಲ್ಲನ್ನು ಅರ್ಧಕ್ಕಿಳಿಸಿದಾಗ ಅದು ತೇಲುತ್ತ ಬರುವುದನ್ನು ಕಂಡವರಿಗೆ ಆ ಮಾತು ಮರೆತುಹೋಗುತ್ತದೆ.

ಕಿಟ್ಟಿನ ಒಳಗೆ ಬಾಲ್ಸಾ ಎಂಬ ತೀರ ಹಗುರವಾದ ಮರದ ಮತ್ತು ಹಗುರ ಪ್ಲೈವುಡ್ ತುಂಡುಗಳು, ನಿಜವಾದ ಅಳತೆಯ ನಕ್ಷೆ, ಹೆಜ್ಜೆಹೆಜ್ಜೆಗೂ ಫೋಟೊಗಳಿರುವ ಕೈಪಿಡಿ ಇರುತ್ತವೆ. ಒಡಲಿನ ತುಂಡುಗಳು ಒಂದರ ಕಚ್ಚಿನೊಳಗೆ ಇನ್ನೊಂದು ಕೂತುಕೊಳ್ಳುವುದರಿಂದ ಅದು ಸೊಟ್ಟಗಾಗುವ ಭಯ ಕಡಿಮೆ. ಎಚ್ಚರ ಬೇಕಾದದ್ದು ರೆಕ್ಕೆಗೆ. ನಮ್ಮ ಅಡುಗೆಮನೆಯಿಂದ ತೆಗೆದಿಟ್ಟಿದ್ದ ಹಳೆಯ ಕಡಪ ಕಲ್ಲನ್ನು ಮಟ್ಟ ನೋಡಿ ಮೇಜಿನ ಮೇಲಿಟ್ಟು, ಗುಂಡುಸೂಜಿ ಇಳಿಯಲೆಂದು ಅದರ ಮೇಲೆ ಸಾಫ್ಟ್‌ಬೋರ್ಡ್ ಹಾಸಿ, ನಕ್ಷೆಯನ್ನು ಹರಡಿ, ಅಂಟು ನಕ್ಷೆಗೆ ಹಿಡಿಯದಂತೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ ರಿಬ್‌ಗಳನ್ನು, ಅಂದರೆ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳನ್ನು, ಜೋಡಿಸಿದೆ. ಅವಸರದಲ್ಲಿ ಎಡ ರೆಕ್ಕೆಯನ್ನು ಅಂಟು ಪೂರ್ತಿ ಒಣಗುವ ಮೊದಲೇ ಎತ್ತಿಬಿಟ್ಟೆ. ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ತುದಿ ಮೂರು ಮಿಲಿಮೀಟರಿನಷ್ಟು ತಿರುಚಿಕೊಂಡಿತ್ತು. ಆಮೇಲೆ ಬಿಸಿಗೆ ಬಿಗಿಯುವ ಬಣ್ಣದ ಪ್ಲಾಸ್ಟಿಕ್ ಹಾಳೆ ಹೊದಿಸುವಾಗ ರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಚಿ ಹಿಡಿದು, ಮೇಲಿನಿಂದ ಇಸ್ತ್ರಿಯ ಬಿಸಿ ಕೊಟ್ಟಾಗ ಹಾಳೆ ಬಿಗಿದು ಅದು ನೇರವಾಯಿತು. ಇದಕ್ಕೆ ಇಬ್ಬರು ಬೇಕು. ತಿರುಚಿ ಹಿಡಿದವರು ನನ್ನ ಹೆಂಡತಿ.

ಹಾಳೆಯ ವಿಷಯದಲ್ಲಿ ನಮ್ಮ ಹವೆಗೆ ತಕ್ಕ ಒಂದು ಮಾತು. ಮಳೆಗಾಲದಲ್ಲಿ ಬಾಲ್ಸಾ ತೇವ ಹೀರುತ್ತದೆ, ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಹಾಳೆ ಸುಕ್ಕುಗಟ್ಟುತ್ತದೆ. ವರ್ಷಕ್ಕೆರಡು ಸಲ ಇಸ್ತ್ರಿ ಹಾಕಿದರೆ ಮತ್ತೆ ಬಿಗಿಯಾಗುತ್ತದೆ, ಆದರೆ ಪ್ರತಿ ಸಲವೂ ರೆಕ್ಕೆ ತಿರುಚಿಕೊಂಡಿಲ್ಲವೆಂದು ನೋಡಿಕೊಳ್ಳಬೇಕು.

ಈ ವಿಮಾನವನ್ನು ರೂಪಿಸಿದ್ದು 40 ಗಾತ್ರದ (0.40 ಘನ ಇಂಚಿನ) ಗ್ಲೋ ಎಂಜಿನ್ ಎಂಬ, ಇಂಧನದಿಂದ ಓಡುವ ಪುಟ್ಟ ಎಂಜಿನ್ನಿಗಾಗಿ. ಅದರ ಇಂಧನವನ್ನು ಹುಡುಕಿ ತರುವ ಕಷ್ಟ ಬೇಡವೆಂದು ನಾನು ವಿದ್ಯುತ್ ಮೋಟರ್ ಹಾಕಿದೆ. ವಿಮಾನದ ತೂಕದ ಪ್ರತಿ ಪೌಂಡಿಗೆ ನೂರು ವಾಟ್ ಎಂಬ ರೂಢಿಯ ಲೆಕ್ಕದಂತೆ ಸುಮಾರು ಆರು ಪೌಂಡಿನ ಇದಕ್ಕೆ 600 ವಾಟ್‌ನ ಮೋಟರ್, ನಾಲ್ಕು ಸೆಲ್‌ಗಳ 4000 ಎಂಎಎಚ್ ಲಿಥಿಯಂ ಪಾಲಿಮರ್ ಬ್ಯಾಟರಿ. ಹತ್ತು ನಿಮಿಷ ನಿರಾತಂಕವಾಗಿ ಹಾರುತ್ತದೆ. ರೇಡಿಯೊ ಫ್ಲೈಸ್ಕೈ ಕಂಪನಿಯದು, ಆರು ಚಾನೆಲ್‌ಗಳದ್ದು, ಈವರೆಗೆ ಕೈಕೊಟ್ಟಿಲ್ಲ.

ಹಾರಿಸುವ ಜಾಗವನ್ನು ಕಿಟ್ ಕೊಳ್ಳುವ ಮೊದಲೇ ಯೋಚಿಸಬೇಕು. 2021ರ ಡ್ರೋನ್ ನಿಯಮಗಳು ಇಂಥ ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು ವಲಯವೆಂದು ತೋರಿಸಿದ ಕಡೆ, 400 ಅಡಿಯ ಒಳಗೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸಬೇಕು. ಜಕ್ಕೂರು, ಯಲಹಂಕ, ಎಚ್‌ಎಎಲ್, ದೇವನಹಳ್ಳಿ ಎಂದು ಸುತ್ತಲೂ ವಿಮಾನ ನಿಲ್ದಾಣಗಳಿರುವ ಬೆಂಗಳೂರಿನಲ್ಲಿ ಅಂಥ ಬಯಲು ಸಿಗುವುದು ಕಷ್ಟ. ನಾನು ರಾಗಿ ಕೊಯ್ಲು ಮುಗಿದ ಮೇಲೆ ಊರಿನ ಹೊಲಕ್ಕೆ ಹೋಗುತ್ತೇನೆ, ಹೊಲದವರನ್ನು ಕೇಳಿಯೇ ಹೋಗುತ್ತೇನೆ.

ಎರಡನೆಯ ಸಲ ಬಿದ್ದದ್ದು ಪೂರ್ತಿ ನನ್ನ ತಪ್ಪಿನಿಂದ. ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಆಡುವ ಪಟ್ಟಿಯೇ ಏಲೆರಾನ್, ಅದನ್ನು ಆಡಿಸುವ ಪುಟ್ಟ ಮೋಟರ್ ಸರ್ವೊ. ಸರ್ವೊ ಬದಲಿಸಿದ ಮೇಲೆ ಬಲ ಏಲೆರಾನ್ ಯಾವ ಕಡೆಗೆ ಏಳುತ್ತದೆಂದು ನೋಡದೆ ಹಾರಿಸಿದೆ. ವಿಮಾನದ ಹಿಂದೆ ನಿಂತು ರೇಡಿಯೊದ ಕೋಲನ್ನು ಬಲಕ್ಕೆ ತಳ್ಳಿದಾಗ ಬಲ ಏಲೆರಾನ್ ಮೇಲೇಳಬೇಕು, ನನ್ನದು ಕೆಳಗಿಳಿಯುತ್ತಿತ್ತು. ಇಪ್ಪತ್ತು ಅಡಿ ಏರುವಷ್ಟರಲ್ಲಿ ಮಗುಚಿ ಬಲ ರೆಕ್ಕೆಯೂರಿ ಬಿತ್ತು. ಐದು ರಿಬ್‌ಗಳು ಮುರಿದವು, ರೆಕ್ಕೆಯ ಮುಂದಿನ ಅಂಚಿನ ಪಟ್ಟಿ ಎರಡು ಕಡೆ ಸೀಳಿತು. ಹಾಳೆ ಬಿಡಿಸಿ, ಸೀಳಿದ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಹೊಸ ತುಂಡನ್ನು ಅಂಟಿಸಿ, ರಿಬ್‌ಗಳನ್ನು ಬಾಲ್ಸಾ ಹಲಗೆಯಿಂದ ಕೊಯ್ದು ಕೂರಿಸಲು ಮೂರು ಸಂಜೆ ಸಾಕಾಯಿತು. ಯಾವ ತುಂಡು ಎಲ್ಲಿ ಏಕಿದೆ ಎಂಬುದು ಕಟ್ಟಿದ ಕೈಗೆ ಗೊತ್ತಿತ್ತು. ಕಟ್ಟಿದ್ದೇ ಸಿಗುವ ವಿಮಾನವನ್ನು ಕೊಂಡಿದ್ದರೆ ನಾನು ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಿದ್ದೆ.

ಕೊರತೆಗಳೂ ಇವೆ. ಒಂದೇ ತುಂಡಾಗಿ ಅಂಟಿಸಿದ ಆರಡಿಯ ರೆಕ್ಕೆಯನ್ನು ಸ್ಕೂಟರಿನಲ್ಲಿ ಒಯ್ಯಲಾಗದು. ಹೊರದೇಶದಿಂದ ತರಿಸುವ ಖರ್ಚು ಮೋಟರ್, ರೇಡಿಯೊಗಳ ಖರ್ಚಿನ ಜೊತೆ ಸೇರಿದರೆ ವಿದ್ಯಾರ್ಥಿಗಳಿಗೆ ಹೊರೆಯೇ. ಆಸಕ್ತಿ ಉಳಿಯುತ್ತದೋ ಇಲ್ಲವೋ ಎಂಬ ಅನುಮಾನವಿದ್ದವರು ಫೋಮ್ ಬೋರ್ಡಿನಲ್ಲಿ ಕಟ್ಟುವ, ಫ್ಲೈಟ್ ಟೆಸ್ಟ್ ಎಂಬ ಅಮೆರಿಕದ ಮಾದರಿ ವಿಮಾನದ ಕಂಪನಿಯವರ ಟೈನಿ ಟ್ರೈನರ್‌ನಿಂದ ಶುರುಮಾಡಲಿ; ಆದರೆ ಅದಕ್ಕೆ ನಮ್ಮ ಸ್ಟೇಷನರಿ ಅಂಗಡಿಯ ಸನ್‌ಬೋರ್ಡ್ ಬಳಸಿದರೆ ತೂಕ ಹೆಚ್ಚಾಗುತ್ತದೆ.

ಕೆಡೆಟ್ ಕೊಳ್ಳುವವರು ಪೆಟ್ಟಿಗೆ ಬಿಚ್ಚಿದ ದಿನವೇ, ಅಂಟು ಮುಟ್ಟುವ ಮುನ್ನ, ಪ್ರತಿಯೊಂದು ರಿಬ್ಬನ್ನೂ ರಟ್ಟಿನ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಅದರ ಸಂಖ್ಯೆ ಬರೆದು ಇಟ್ಟುಕೊಳ್ಳಿ. ನನ್ನ ಐದು ರಿಬ್‌ಗಳನ್ನು ಕೊಯ್ದದ್ದು ಆ ರಟ್ಟುಗಳಿಂದಲೇ.