ವ್ಯಾನಿಗೆ ಟ್ಯಾಂಕ್ ಕೂರಿಸಿದ ಪೀಣ್ಯದ ವರ್ಕ್‌ಶಾಪ್

ಮನೆ ಮನೆಗೆ ಹೋಗಿ ಕಾರು ತೊಳೆಯುವ ನನ್ನ ವ್ಯಾನಿಗೆ ನೀರಿನ ಟ್ಯಾಂಕ್ ಕೂರಿಸಿಕೊಟ್ಟಿದ್ದು ಬೆಂಗಳೂರಿನ ಪೀಣ್ಯದ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪ್. ನಾನು ಕೇಳಿದ್ದು 500 ಲೀಟರಿನದು. ಮೇಸ್ತ್ರಿ ಒಪ್ಪಲಿಲ್ಲ. ‘ನೀರೇ ಅರ್ಧ ಟನ್ ಆಗುತ್ತದೆ ಸರ್. ಪಂಪು, ಜನರೇಟರ್, ನೀವು, ನಿಮ್ಮ ಹುಡುಗ, ಇಷ್ಟೆಲ್ಲ ಈ ಗಾಡಿ ಹೊರಬೇಡವೇ?’ ಎಂದು 300ಕ್ಕೆ ಇಳಿಸಿದರು. ತಮ್ಮ ಬಿಲ್ಲನ್ನು ತಾವೇ ಕಡಿಮೆ ಮಾಡಿಕೊಳ್ಳುವವರು ಈ ಊರಿನಲ್ಲಿ ಅಪರೂಪ.

ಕೆಲಸ ಗಟ್ಟಿ. ಟ್ಯಾಂಕನ್ನು ಹಿಂಬಾಗಿಲ ಬಳಿ ಇಡದೆ ಮುಂದಿನ ಸೀಟಿನ ಬೆನ್ನಿಗೆ ತಂದು, ಆಂಗಲ್ ಚೌಕಟ್ಟಿನಲ್ಲಿ ಕೂರಿಸಿ ಬೋಲ್ಟ್ ಬಿಗಿದಿದ್ದಾರೆ. ಒಳಗೆ ತೂತಿರುವ ಅಡ್ಡತಗಡುಗಳಿವೆ. ಅರ್ಧ ಖಾಲಿಯಾದಾಗ ಬ್ರೇಕ್ ಹಾಕಿದರೂ ನೀರು ಒಮ್ಮೆಲೇ ನುಗ್ಗಿ ಗಾಡಿಯನ್ನು ದೂಡುವುದಿಲ್ಲ. ಪಂಪು ಟ್ಯಾಂಕಿಗಿಂತ ಕೆಳಗಿರುವುದರಿಂದ ಗಾಳಿ ಎಳೆದುಕೊಳ್ಳುವ ಕಾಟವೂ ಇಲ್ಲ.

ತಕರಾರು ಇರುವುದು ಟ್ಯಾಂಕಿನ ಬಾಯಿಯ ಬಗ್ಗೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದಾಗಿನಿಂದ ನಾನು ತುಂಬಿಸುವುದು ಸಂಸ್ಕರಿಸಿದ ಕೊಳಚೆ ನೀರು. ತಳದಲ್ಲಿ ಗಸಿ ನಿಲ್ಲುತ್ತದೆ. ಬಾಯಿ ಎಷ್ಟು ಕಿರಿದೆಂದರೆ ಉಜ್ಜಲು ಕೈ ಮೊಣಕೈವರೆಗೂ ಹೋಗುವುದಿಲ್ಲ. ಹೇಳಿದ ದಿನಕ್ಕೆ ಗಾಡಿ ಕೊಡುವ ಅಭ್ಯಾಸವೂ ಅವರಿಗಿಲ್ಲ. ಮುಂಗಡ ಪೂರ್ತಿ ಕೊಡಬೇಡಿ.