ಟೆಸ್ಲಾ ಮಾಡೆಲ್ ವೈ: ಕಾರು ಚೆನ್ನಾಗಿದೆ, ಕಂಪನಿ ಮೇಲಿನ ನಂಬಿಕೆ ಕಮ್ಮಿಯಾಗಿದೆ

ಮೊದಲು ಕಾರಿನ ಬಗ್ಗೆ ಹೇಳಿಬಿಡುತ್ತೇನೆ. ಮಾಡೆಲ್ ವೈ ಒಳ್ಳೆಯ ಎಲೆಕ್ಟ್ರಿಕ್ ಕಾರು. 2023ರಲ್ಲಿ ಇಡೀ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರು ಇದು, ಪೆಟ್ರೋಲ್ ಕಾರುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಈ ಮಾತು. ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿದರೆ ಸಾಕು, ಕಾರು ತಾನೇ ನಿಧಾನವಾಗುತ್ತದೆ, ಬ್ಯಾಟರಿಗೆ ಒಂದಿಷ್ಟು ಕರೆಂಟು ವಾಪಸ್ ಹೋಗುತ್ತದೆ. ಇದು ರೂಢಿಯಾದ ಮೇಲೆ ಬ್ರೇಕ್ ಪೆಡಲ್ ತುಳಿಯುವುದೇ ಅಪರೂಪ. ಚಾರ್ಜಿಂಗ್ ಅಂತೂ ಇನ್ನೂ ಸಲೀಸು. ನ್ಯಾವಿಗೇಶನ್‌ನಲ್ಲಿ ಸೂಪರ್‌ಚಾರ್ಜರ್ (ಟೆಸ್ಲಾದ್ದೇ ವೇಗದ ಚಾರ್ಜಿಂಗ್ ಸ್ಟೇಷನ್) ಆರಿಸಿಕೊಂಡು ಹೊರಟರೆ, ಅಲ್ಲಿಗೆ ತಲುಪುವಷ್ಟರಲ್ಲಿ ಕಾರು ಬ್ಯಾಟರಿಯನ್ನು ಬೇಕಾದಷ್ಟು ಬಿಸಿ ಮಾಡಿಟ್ಟುಕೊಂಡಿರುತ್ತದೆ. ಪ್ಲಗ್ ಸಿಕ್ಕಿಸಿದರೆ ಆಯಿತು. ಕಾರ್ಡ್ ಉಜ್ಜುವುದು ಬೇಡ, ದುಡ್ಡು ತಾನಾಗಿಯೇ ಕಟ್ ಆಗುತ್ತದೆ. ಫೋರ್ಡ್, ಜನರಲ್ ಮೋಟರ್ಸ್ ಎರಡೂ 2023ರಲ್ಲಿ ಅಮೆರಿಕದಲ್ಲಿ ಟೆಸ್ಲಾದ ಪ್ಲಗ್ಗನ್ನೇ ತಮ್ಮ ಕಾರುಗಳಿಗೆ ಹಾಕಲು ಒಪ್ಪಿದವು. ಎದುರಾಳಿಗಳೇ ಹೀಗೆ ಒಪ್ಪಿಕೊಂಡ ಮೇಲೆ ಬೇರೆ ಸರ್ಟಿಫಿಕೇಟ್ ಬೇಕಿಲ್ಲ.

ನನಗೆ ಹಿಡಿಸದ್ದು ಅಂದರೆ ಎಲ್ಲವನ್ನೂ ಒಂದೇ ಪರದೆಗೆ ತುರುಕಿರುವುದು. ಗ್ಲೋವ್ ಬಾಕ್ಸ್ ತೆಗೆಯುವುದಕ್ಕೂ ಪರದೆ ಮುಟ್ಟಬೇಕು. ಇರಲಿ, ಹೊಂದಿಕೊಳ್ಳಬಹುದು.

ಇಷ್ಟೇ ಆಗಿದ್ದರೆ ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಆದರೆ ಟೆಸ್ಲಾ ಮುಖ್ಯಸ್ಥ ಎಲಾನ್ ಮಸ್ಕ್ ಅವರ ರಾಜಕೀಯವನ್ನು ಪಕ್ಕಕ್ಕಿಟ್ಟು ಈ ಕಂಪನಿ ಬಗ್ಗೆ ಬರೆಯಲು ಈಗ ಸಾಧ್ಯವಿಲ್ಲ. ಕಾರಿನ ರಿವ್ಯೂಗೂ ರಾಜಕೀಯಕ್ಕೂ ಏನು ಸಂಬಂಧ ಅಂತ ಕೇಳುವವರು ಬಹಳ ಜನ ಇದ್ದಾರೆ. ಬೇರೆ ಕಂಪನಿಯಾಗಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಹೆಚ್ಚಿನ ಕಾರು ಕಂಪನಿಗಳ ಮುಖ್ಯಸ್ಥರ ಹೆಸರೇ ಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಟೆಸ್ಲಾ ಹಾಗಲ್ಲ. ವರ್ಷಗಟ್ಟಲೆ ಟಿವಿ ಜಾಹೀರಾತು ಕೊಡದೆ, ಡೀಲರ್‌ಗಳೂ ಇಲ್ಲದೆ, ಒಬ್ಬನೇ ಮನುಷ್ಯನ ಮುಖ ಮತ್ತು ಮಾತಿನ ಮೇಲೆ ಕಾರು ಮಾರಿದ ಕಂಪನಿ ಇದು. ಆ ಮಾತಿನಿಂದ ಬಂದ ಲಾಭವನ್ನೆಲ್ಲ ಲೆಕ್ಕಕ್ಕೆ ಹಿಡಿದು, ನಷ್ಟ ಬಂದಾಗ ಮಾತ್ರ 'ಅದು ಅವರ ಸ್ವಂತ ಅಭಿಪ್ರಾಯ' ಅನ್ನುವುದು ನ್ಯಾಯ ಅಲ್ಲ, ಅಲ್ವಾ?

ಮೊದಮೊದಲು ಟೆಸ್ಲಾ ಕೊಂಡವರು ಯಾರು ಅಂತ ನೆನಪಿಸಿಕೊಳ್ಳಿ. ಹವಾಮಾನದ ಬಗ್ಗೆ ಚಿಂತೆ ಇದ್ದವರು, ಹೊಗೆ ಉಗುಳದ ಕಾರಿಗಾಗಿ ಜಾಸ್ತಿ ದುಡ್ಡು ಕೊಡಲು ತಯಾರಿದ್ದವರು. ಅಮೆರಿಕದಲ್ಲಿ ಅವರಲ್ಲಿ ಹೆಚ್ಚಿನವರು ಡೆಮಾಕ್ರಟಿಕ್ ಪಕ್ಷದ ಕಡೆಯವರು, ಅದರಲ್ಲೂ ಕ್ಯಾಲಿಫೋರ್ನಿಯಾದವರು. 2017ರ ಜೂನ್‌ನಲ್ಲಿ ಟ್ರಂಪ್ ಪ್ಯಾರಿಸ್ ಹವಾಮಾನ ಒಪ್ಪಂದದಿಂದ ಹೊರಬರುತ್ತೇವೆ ಅಂದಾಗ, ಮಸ್ಕ್ ಅದನ್ನು ವಿರೋಧಿಸಿ ಅಧ್ಯಕ್ಷರ ಸಲಹಾ ಸಮಿತಿಗಳನ್ನೇ ಬಿಟ್ಟು ಬಂದರು. ಈ ಮನುಷ್ಯ ನಮ್ಮವನು ಅಂತ ಆ ಗ್ರಾಹಕರು ನಂಬಿದ್ದಕ್ಕೆ ಇಂಥ ಗಟ್ಟಿ ಕಾರಣಗಳೇ ಇದ್ದವು.

ಅದೇ ಮಸ್ಕ್ 2024ರ ಜುಲೈನಲ್ಲಿ ಟ್ರಂಪ್ ಅವರಿಗೆ ಬೆಂಬಲ ಘೋಷಿಸಿ, ಆ ಚುನಾವಣೆಗೆ 25 ಕೋಟಿ ಡಾಲರ್‌ಗೂ ಹೆಚ್ಚು ಸುರಿದರು. 2025ರ ಜನವರಿಯಿಂದ ಡೋಜ್ ಅನ್ನುವ ಸರ್ಕಾರಿ ಖರ್ಚು ಕಡಿತದ ತಂಡದ ಹೆಸರಿನಲ್ಲಿ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವ ಅಭಿಯಾನದ ಮುಖವಾದರು. ಟ್ರಂಪ್ ಪ್ರಮಾಣವಚನದ ದಿನ ಅವರು ಕೈ ಚಾಚಿದ ರೀತಿ ನಾಜಿ ಸೆಲ್ಯೂಟ್‌ನಂತಿದೆ ಅಂತ ಬಹಳ ಜನ ಸಿಟ್ಟಾದರು, ಅವರು ಆ ಆರೋಪವನ್ನು ತಳ್ಳಿಹಾಕಿದರು. ಅದಾದ ಕೆಲವೇ ದಿನಗಳಲ್ಲಿ ಜರ್ಮನಿಯ ಬಲಪಂಥೀಯ ಎಎಫ್‌ಡಿ ಪಕ್ಷದ ಸಭೆಯಲ್ಲಿ ವಿಡಿಯೋ ಮೂಲಕ ಮಾತಾಡಿದರು. ಬರ್ಲಿನ್ ಪಕ್ಕದ ಗ್ರ್ಯೂನ್‌ಹೈಡೆಯಲ್ಲಿ ತಮ್ಮದೇ ಕಾರ್ಖಾನೆ ಇರುವ ದೇಶ ಅದು! ಅಲ್ಲಿನ ಚುನಾವಣೆ ಬಾಗಿಲಲ್ಲಿದ್ದಾಗ ಒಂದು ಪಕ್ಷದ ಪರ ನಿಂತರೆ ಶೋರೂಮಿಗೆ ಬರುವವರು ಏನಂದುಕೊಳ್ಳಬೇಕು?

ಜರ್ಮನಿಯಲ್ಲಿ 2025ರ ಜನವರಿಯಲ್ಲಿ ನೋಂದಣಿಯಾದ ಹೊಸ ಟೆಸ್ಲಾಗಳು 1,277. ಹಿಂದಿನ ವರ್ಷದ ಅದೇ ತಿಂಗಳಿಗೆ ಹೋಲಿಸಿದರೆ ಸುಮಾರು 60 ಶೇಕಡಾ ಕಮ್ಮಿ. ಜಗತ್ತಿನಾದ್ಯಂತ 2025ರ ಮೊದಲ ಮೂರು ತಿಂಗಳಲ್ಲಿ ಕಂಪನಿ ತಲುಪಿಸಿದ್ದು 3,36,681 ಕಾರು, 13 ಶೇಕಡಾ ಇಳಿಕೆ. ಆ ತ್ರೈಮಾಸಿಕದ ಲಾಭ 71 ಶೇಕಡಾ ಬಿತ್ತು.

ಎಲ್ಲವನ್ನೂ ರಾಜಕೀಯದ ತಲೆಗೇ ಕಟ್ಟುವುದು ತಪ್ಪು, ಅದನ್ನೂ ಹೇಳಲೇಬೇಕು. ಆ ಹೊತ್ತಿಗೆ ಹೊಸ ಮಾಡೆಲ್ ವೈಗಾಗಿ ನಾಲ್ಕೂ ಕಾರ್ಖಾನೆಗಳಲ್ಲಿ ಲೈನ್ ಬದಲಾಯಿಸುತ್ತಿದ್ದರು, ಹಳೆ ಮಾಡೆಲ್ ಕೊಳ್ಳುವ ಬದಲು ಕಾಯೋಣ ಅಂದವರೂ ಇದ್ದರು. ಚೀನಾದ ಬಿವೈಡಿ ಕಡಿಮೆ ಬೆಲೆಗೆ ಒಳ್ಳೆ ಕಾರು ಕೊಡುತ್ತಿದೆ, 2025ರಲ್ಲಿ ಪೂರ್ತಿ ಎಲೆಕ್ಟ್ರಿಕ್ ಕಾರುಗಳ ಮಾರಾಟದಲ್ಲಿ ಟೆಸ್ಲಾವನ್ನು ಹಿಂದೆ ಹಾಕಿತು. ನಾರ್ವೆಯಲ್ಲಂತೂ ಅದೇ ವರ್ಷ ಟೆಸ್ಲಾವೇ ನಂಬರ್ ಒನ್ ಬ್ರ್ಯಾಂಡ್. ಹಾಗಾಗಿ ಮಸ್ಕ್ ಮಾತಿನಿಂದ ಟೆಸ್ಲಾ ಮುಳುಗಿಹೋಯಿತು ಅಂತ ನಾನು ಹೇಳುತ್ತಿಲ್ಲ. ನಿಷ್ಠೆಯಿಂದ ಕೊಳ್ಳುತ್ತಿದ್ದ ಜನರನ್ನು ಕಂಪನಿ ಯಾವ ಅಗತ್ಯವೂ ಇಲ್ಲದೆ ದೂರ ಮಾಡಿಕೊಂಡಿತು ಅನ್ನುವುದು ನನ್ನ ಮಾತು.

ಇದರಲ್ಲಿ ನನಗೆ ತುಂಬಾ ಬೇಜಾರಾಗುವುದು ಈಗಾಗಲೇ ಕಾರು ಕೊಂಡವರನ್ನು ಕಂಡು. ಎಲಾನ್‌ಗೆ ತಲೆ ಕೆಟ್ಟಿದೆ ಅಂತ ಗೊತ್ತಾಗುವ ಮೊದಲೇ ಕೊಂಡಿದ್ದು ಅನ್ನುವ ಅರ್ಥದ ಸ್ಟಿಕ್ಕರ್‌ಗಳನ್ನು ಹಿಂದೆ ಅಂಟಿಸಿಕೊಂಡು ಓಡಾಡುವ ಪರಿಸ್ಥಿತಿ ಬಂತು. ಕೆಲವರು ಟಿ ಲಾಂಛನ ಕಿತ್ತು ಬೇರೆ ಕಂಪನಿಯ ಲಾಂಛನ ಹಚ್ಚಿಕೊಂಡರು. ನಿಲ್ಲಿಸಿದ ಕಾರುಗಳಿಗೆ ಗೀರು ಹಾಕಿದರು, ಬೆಂಕಿ ಹಚ್ಚಿದ ಘಟನೆಗಳೂ ನಡೆದವು. ಇದು ಶುದ್ಧ ಅನ್ಯಾಯ. ಮಸ್ಕ್ ಮೇಲಿನ ಸಿಟ್ಟಿಗೆ, ಸಾಲ ಮಾಡಿ ಕಾರು ಕೊಂಡ ಯಾರೋ ಒಬ್ಬರು ಯಾಕೆ ಬೆಲೆ ತೆರಬೇಕು? ಶೋರೂಮ್ ಮುಂದೆ ಬೋರ್ಡ್ ಹಿಡಿದು ನಿಲ್ಲುವುದು ಜನರ ಹಕ್ಕು. ಪಾರ್ಕಿಂಗ್‌ನಲ್ಲಿರುವ ಕಾರಿಗೆ ಕೈ ಹಚ್ಚುವುದಲ್ಲ.

ಪಕ್ಷ ಹಿಡಿದಿದ್ದರಿಂದ ಆ ಕಡೆಯ ಗ್ರಾಹಕರಾದರೂ ಸಿಕ್ಕರಾ? 2025ರ ಮಾರ್ಚ್‌ನಲ್ಲಿ ಟ್ರಂಪ್ ವೈಟ್ ಹೌಸ್ ಮುಂದೆ ಟೆಸ್ಲಾಗಳನ್ನು ನಿಲ್ಲಿಸಿಕೊಂಡು ಕೆಂಪು ಮಾಡೆಲ್ ಎಸ್ ಕೊಳ್ಳುತ್ತೇನೆ ಅಂದರು. ಜೂನ್ 5ಕ್ಕೆ ಟ್ರಂಪ್, ಮಸ್ಕ್ ಇಬ್ಬರೂ ಬಹಿರಂಗವಾಗಿ ಕಿತ್ತಾಡಿಕೊಂಡರು, ಅವತ್ತೊಂದೇ ದಿನ ಟೆಸ್ಲಾ ಷೇರು 14 ಶೇಕಡಾ ಕುಸಿಯಿತು. ಸೆಪ್ಟೆಂಬರ್ 30ಕ್ಕೆ ಎಲೆಕ್ಟ್ರಿಕ್ ಕಾರಿನ ಮೇಲಿನ 7,500 ಡಾಲರ್ ತೆರಿಗೆ ರಿಯಾಯಿತಿಯೂ ಹೋಯಿತು. ಮಸ್ಕ್ ಗೆಲ್ಲಿಸಿದ ಸರ್ಕಾರವೇ ಅದನ್ನು ನಿಲ್ಲಿಸಿತು.

ಕೊಳ್ಳುವವರಾಗಿ ನಾವು ಯೋಚಿಸಬೇಕಾದದ್ದು ಇನ್ನೊಂದಿದೆ. ಟೆಸ್ಲಾ ದುಡ್ಡು ಕೊಟ್ಟು ಮನೆಗೆ ತಂದರೆ ಮುಗಿಯುವ ವ್ಯವಹಾರ ಅಲ್ಲ. ಸಾಫ್ಟ್‌ವೇರ್ ಅಪ್‌ಡೇಟ್, ಚಾರ್ಜಿಂಗ್, ಸರ್ವಿಸ್, ಕಾರಿನ ಕ್ಯಾಮೆರಾಗಳು ಸೆರೆಹಿಡಿಯುವ ಮಾಹಿತಿ, ಎಲ್ಲವೂ ಅದೇ ಕಂಪನಿಯ ಕೈಯಲ್ಲಿ ವರ್ಷಗಟ್ಟಲೆ ಇರುತ್ತವೆ. ಆದ್ದರಿಂದ ಮುಖ್ಯಸ್ಥನ ಮಾತು ನಂಬಬಹುದಾ ಅನ್ನುವುದು ಕಾರಿನ ಗುಣದಷ್ಟೇ ಮುಖ್ಯ. 2016ರಲ್ಲಿ ಮಸ್ಕ್, ಇನ್ನು ಮುಂದೆ ತಯಾರಾಗುವ ಎಲ್ಲ ಕಾರುಗಳಲ್ಲೂ ಪೂರ್ತಿ ತಾನೇ ಓಡುವುದಕ್ಕೆ ಬೇಕಾದ ಹಾರ್ಡ್‌ವೇರ್ ಇದೆ ಅಂದಿದ್ದರು. 2025ರ ಜನವರಿಯಲ್ಲಿ, ಆ ಸೌಲಭ್ಯಕ್ಕೆ ದುಡ್ಡು ಕೊಟ್ಟವರ ಹಳೆ ಕಂಪ್ಯೂಟರ್ ಬದಲಿಸಬೇಕಾಗುತ್ತದೆ ಅಂತ ಅವರೇ ಒಪ್ಪಿಕೊಂಡರು. ಇಂಥ ವಿಷಯದಲ್ಲಿ ಗ್ರಾಹಕರು ತಾಳ್ಮೆಯಿಂದ ಇದ್ದದ್ದು ಅವರ ಮೇಲಿನ ಅಭಿಮಾನದಿಂದ. ರಾಜಕೀಯದಿಂದ ಆ ಅಭಿಮಾನ ಕರಗಿದರೆ, ತಾಳ್ಮೆಯೂ ಹೋಗುತ್ತದೆ.

ಕಂಪನಿಯ ನಿರ್ದೇಶಕ ಮಂಡಳಿ ಇಷ್ಟು ದಿನ ಏನು ಮಾಡುತ್ತಿತ್ತು ಅನ್ನುವುದು ನನ್ನ ದೊಡ್ಡ ದೂರು. 2025ರ ನವೆಂಬರ್‌ನಲ್ಲಿ ಅದೇ ಮಂಡಳಿ ಮುಂದಿಟ್ಟ, ಗುರಿಗಳೆಲ್ಲ ಮುಟ್ಟಿದರೆ ಮಸ್ಕ್‌ಗೆ ಸುಮಾರು 1 ಲಕ್ಷ ಕೋಟಿ ಡಾಲರ್ ತಲುಪಬಹುದಾದ ವೇತನ ಪ್ಯಾಕೇಜನ್ನೇ ಷೇರುದಾರರು ಒಪ್ಪಿದರು. ಅಂದರೆ ಸದ್ಯಕ್ಕೆ ಏನೂ ಬದಲಾಗುವುದಿಲ್ಲ.

ಕಾರಿಗೆ ನಾಲ್ಕೂವರೆ, ಕಂಪನಿಗೆ ಎರಡು ಸ್ಟಾರ್. ಮಾಡೆಲ್ ವೈ ಬೇಕೇ ಬೇಕು ಅನ್ನುವವರು ಪೂರ್ತಿ ದುಡ್ಡು ಹಾಕಿ ಕೊಳ್ಳುವ ಬದಲು ಲೀಸ್ ಸಿಗುತ್ತದಾ ನೋಡಿ, ಮಾರುವಾಗ ಬೆಲೆ ಎಷ್ಟು ಬೀಳುತ್ತದೆ ಅನ್ನುವ ತಲೆನೋವು ನಿಮಗಿರುವುದಿಲ್ಲ. ಹಾಗೇ ಸಹಿ ಹಾಕುವ ಮೊದಲು ಹ್ಯುಂಡೈನ ಎಲೆಕ್ಟ್ರಿಕ್ ಕಾರು ಅಯಾನಿಕ್ 5 ಒಮ್ಮೆ ಓಡಿಸಿ ನೋಡಿ.