ಆಕ್ಸಿಗ್ಲೋಬಿನ್: ಮರಿಗೆ ಸರಿ, ದೊಡ್ಡ ಕುದುರೆಗೆ ಕಷ್ಟ

ಅಮೆರಿಕದ ಕುದುರೆ ಆಸ್ಪತ್ರೆಯೊಂದರಲ್ಲಿದ್ದಾಗ ನಾನು ಬಳಸಿದ್ದು ಈ ಆಕ್ಸಿಗ್ಲೋಬಿನ್. ಹಸುವಿನ ಹಿಮೋಗ್ಲೋಬಿನ್‌ನಿಂದ ಮಾಡಿದ ಬದಲಿ ರಕ್ತ. 1998ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿದ್ದು ನಾಯಿಗಳಿಗೆ, ಆದರೂ ತುರ್ತಿಗೆ ಕುದುರೆಗೂ ಕೊಡುತ್ತಿದ್ದೆವು. ತಾಯಿಯ ಗಿಣ್ಣುಹಾಲು ಕುಡಿದು, ಅದರಲ್ಲಿದ್ದ ಪ್ರತಿಕಾಯಗಳಿಂದ ಕೆಂಪು ರಕ್ತಕಣಗಳು ಒಡೆದು, ಒಸಡು ಹಳದಿಯಾಗಿ, ಏಳಲಾಗದೆ ಮಲಗಿದ್ದ ಮರಿಯೊಂದು ಇನ್ನೂ ಕಣ್ಣಮುಂದಿದೆ. ರಕ್ತ ಹೊಂದುತ್ತಾ ಅಂತ ನೋಡುವ ಗೋಜಿರಲಿಲ್ಲ, ಚೀಲ ತೆಗೆದು ಸೀದಾ ಹಾಕಬಹುದಿತ್ತು. ಸಂಜೆಗೆ ಮರಿ ತಲೆ ಎತ್ತಿತು! ಆದರೆ ಇದರ ಬಲ ಒಂದೆರಡು ದಿನ ಅಷ್ಟೇ, ಅಷ್ಟರಲ್ಲಿ ನಿಜವಾದ ರಕ್ತ ಹುಡುಕಲೇಬೇಕಿತ್ತು. ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಕೆಂಪಾಗಿ ಲ್ಯಾಬ್ ವರದಿ ಏರುಪೇರಾಗುತ್ತಿತ್ತು, ಸ್ಯಾಂಪಲ್ ಮೊದಲೇ ತೆಗೆದಿಡಬೇಕಿತ್ತು. ದೊಡ್ಡ ಕುದುರೆಗೆ ಮಾತ್ರ ಬೇಡ ಅಂತಿದ್ದೆ. ಕೆಜಿಗೆ 15 ಮಿಲಿ ಲೆಕ್ಕ ಹಾಕಿದರೂ 450 ಕೆಜಿ ಕುದುರೆಗೆ 125 ಮಿಲಿಯ 54 ಚೀಲ ಬೇಕಿತ್ತು, ಅಷ್ಟು ದುಡ್ಡು ಎಲ್ಲಿಂದ ತರೋದು ಅಲ್ವಾ?